ಟಾಕಾ ಮೇಲಿನ ಕೆಂಪು ಬಣ್ಣ

ವಡಗಾವಿಯ ಆ ಓಣಿಯಲ್ಲಿ ಒಂದು ಕಾಲಕ್ಕೆ ಮಗ್ಗದ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಗುರುಪಾದಪ್ಪನ ಅಪ್ಪ, ಅಜ್ಜ ಎಲ್ಲರೂ ನೇಕಾರರು. ಗುರುಪಾದಪ್ಪನಿಗೆ ಮಾತ್ರ ಸೀರೆಯ ಎಳೆಗಿಂತ ಮಗ್ಗದ ಕಬ್ಬಿಣದ ಮೇಲೆ ಜಾಸ್ತಿ ಪ್ರೀತಿ. ಮಗ್ಗ ರಿಪೇರಿ ಮಾಡುತ್ತ ವೆಲ್ಡಿಂಗ್ ಕಲಿತ. ವೆಲ್ಡಿಂಗ್ ಮಾಡುತ್ತ ಮಾಡುತ್ತ ಅರವತ್ತೆರಡು ದಾಟಿದ. ಅಪ್ಪನ ಎರಡು ಮಗ್ಗ ನಿಂತಿದ್ದ ಜಾಗದಲ್ಲಿ ಈಗ ಅವನ ತಗಡಿನ ಶೆಡ್ಡಿದೆ. ಓಣಿ ಎಷ್ಟು ಇಕ್ಕಟ್ಟೆಂದರೆ, ಅವನು ಮಾಡಿದ್ದನ್ನು ಹೊರಗೆ ತೆಗೆಯಬೇಕಾದರೆ ಎದುರು ಮನೆಯ ಬಸಯ್ಯನ ಸೈಕಲ್ಲು ಸರಿಸಬೇಕು, ಕಟ್ಟೆಯ ಮೇಲೆ ಕೂತ ಬಸಯ್ಯನನ್ನೂ ಸರಿಸಬೇಕು. ಎರಡನೆಯದು ಸ್ವಲ್ಪ ಕಷ್ಟದ ಕೆಲಸ.

ಈಗೀಗ ಅವನ ಬಳಿ ಬರುವವರೆಲ್ಲ ಮಿನಿ ಟ್ರ್ಯಾಕ್ಟರ್ ಇದ್ದವರು. ಮುಂದೆ ಎರಡು ತೋಳಿನ ಲೋಡರ್, ತೋಳಿನ ತುದಿಗೆ ಮಣ್ಣು ಎತ್ತುವ ಬಕೆಟ್. ಬಕೆಟ್ಟಿನಿಂದ ಎಲ್ಲ ಕೆಲಸ ಆಗುವುದಿಲ್ಲವಲ್ಲ. ಒಬ್ಬನಿಗೆ ತಿಪ್ಪೆ ಕೆದರುವ ಹಲ್ಲು ಬೇಕು, ಇನ್ನೊಬ್ಬನಿಗೆ ಭತ್ತದ ಹುಲ್ಲು ಎತ್ತುವ ಮುಳ್ಳು ಬೇಕು, ಮತ್ತೊಬ್ಬನಿಗೆ ಕಬ್ಬು ಅವುಚಿ ಹಿಡಿಯುವ ಪಂಜ ಬೇಕು. ಕಂಪನಿಯವರದು ತುಟ್ಟಿ, ತಂದರೂ ಕೂರುವುದಿಲ್ಲ. ಗುರುಪಾದಪ್ಪ ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿ, ಗುಜರಿಯಿಂದ ಪೈಪು ತಂದು, ಹದಿನೈದು ದಿನದಲ್ಲಿ ಏನು ಬೇಕೋ ಅದನ್ನು ಮಾಡಿಕೊಡುತ್ತಿದ್ದ. "ದೇವ್ರು ಟ್ರ್ಯಾಕ್ಟರಿಗೆ ಕೈ ಕೊಡೂದು ಮರತ, ಅದಕ್ಕ ನನ್ನ ಹುಟ್ಟಿಸಿದ" ಎಂದು ಅವನು ಹೇಳಿಕೊಳ್ಳುವುದು ಓಣಿಯವರಿಗೆಲ್ಲ ಬಾಯಿಪಾಠ. ಅವನ ಹೆಂಡತಿ ನಿಂಗವ್ವನಿಗಂತೂ ಕೇಳಿ ಕೇಳಿ ಕಿವಿ ತೂತು ಬಿದ್ದಿದ್ದವು.

ಶ್ರಾವಣ ಮುಗಿಯುವ ಹೊತ್ತಿಗೆ ಖಾನಾಪುರದ ಆಚೆಯಿಂದ ಬಾಳೇಶ ಬಂದ. ಕುರಿ ಕಾಯುವ ಮನೆತನ. ಅವನು ಮಾತ್ರ ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದ. ಮನೆಯಲ್ಲಿ ಹೆಂಡತಿ ಪ್ರಮಿಳಾ, ನಲವತ್ತು ಕುರಿ, ತಾಯಿ ಫಕೀರವ್ವ.

"ಕಾಕಾ, ಲೋಡರಿಗೆ ಒಂದು ಕುರ್ಚಿ ಮಾಡಿಕೊಡ್ರಿ" ಎಂದ.

"ಕುರ್ಚಿ? ಯಾರ್ನ ಕುಂದರಸ್ತೀ?"

"ಅವ್ವನ್ನ."

ಗುರುಪಾದಪ್ಪ ತಲೆ ಅಲ್ಲಾಡಿಸಿದ. "ಅದು ಮನಷ್ಯಾರ್ನ ಎತ್ತೂ ಸಾಮಾನಲ್ಲೋ ತಮ್ಮಾ. ಹೆಂಡಿ ಎತ್ತು, ಹುಲ್ಲು ಎತ್ತು. ಹಡದ ತಾಯೀನ ಎತ್ತತಾರೇನು?"

ಬಾಳೇಶ ಎದ್ದು ಹೋಗಲಿಲ್ಲ. ಕೂತು ಎಲ್ಲ ಹೇಳಿದ. ಎರಡು ವರ್ಷದ ಹಿಂದೆ ತಾಯಿ ಕುರಿ ದೊಡ್ಡಿಯಲ್ಲಿ ಜಾರಿ ಬಿದ್ದು ಸೊಂಟದ ಚಪ್ಪೆಯ ಎಲುಬು ಮುರಿದುಕೊಂಡಿದ್ದಳು. ಆಪರೇಶನ್ ಆಗಿ ಒಳಗೆ ರಾಡ್ ಹಾಕಿದ್ದರು. ಮನೆಗೂ ಊರಿಗೂ ನಡುವೆ ಒಂದು ಹಳ್ಳ, ಸೇತುವೆ ಇಲ್ಲ. ಆಚೆ ಊರಿನ ದವಾಖಾನೆಗೆ ಒಯ್ಯಬೇಕೆಂದರೆ ನಾಲ್ಕು ಜನ ಕಂಬಳಿಯ ನಾಲ್ಕು ಮೂಲೆ ಹಿಡಿದು ಅವಳನ್ನು ಹೊತ್ತು ದಾಟಿಸಬೇಕು. ಕಂಬಳಿ ಜೋತು ಬಿದ್ದಾಗ ಚಪ್ಪೆ ಮಡಚಿ ಅವಳು ಕೂಗುತ್ತಿದ್ದ ಕೂಗು ಆಚೆ ದಂಡೆಗೂ ಕೇಳುತ್ತಿತ್ತು. ಹಾಗಾಗಿ ದವಾಖಾನೆ ಬಿಟ್ಟು ಬೇರೆಲ್ಲಿಗೂ ಅವಳು ಎರಡು ವರ್ಷದಿಂದ ಹಳ್ಳ ದಾಟಿರಲಿಲ್ಲ.

"ಬಂದು ಆಕಿನ್ನ ಒಮ್ಮೆ ನೋಡ್ರಿ. ಆಮ್ಯಾಲೆ ಬ್ಯಾಡ ಅನ್ರಿ" ಎಂದ ಬಾಳೇಶ.

ನೋಡಲು ಹೋದದ್ದೇ ತಪ್ಪಾಯಿತು. ಫಕೀರವ್ವ ಬಾಗಿಲ ಮುಂದೆ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತು ಹಳ್ಳವನ್ನೇ ನೋಡುತ್ತಿದ್ದಳು. ಎಪ್ಪತ್ತೈದರ ಮುದುಕಿ, ಒಣಗಿದ ಜೋಳದ ದಂಟಿನಷ್ಟು ತೆಳ್ಳಗೆ. ಗುರುಪಾದಪ್ಪ ಟೇಪು ತೆಗೆದು ಅವಳ ಅಳತೆ ಹಿಡಿದರೆ ನಗಲು ಶುರು ಮಾಡಿದಳು.

"ಜಂಪರ್ ಹೊಲಿಯಾಂವ ಒಬ್ಬನ ನನ್ನ ಅಳತಿ ತಗೊಂಡಾಂವ ತಮ್ಮಾ. ನೀ ಎರಡನೇದಾಂವ."

ಆಮೇಲೆ ಒಂದೇ ಒಂದು ಮಾತು ಗಟ್ಟಿಯಾಗಿ ಹೇಳಿದಳು. "ಕಾಲ ಇಡಾಕ ಜಾಗಾ ಮಾಡು. ಕಾಲ ಜೋತಬಿದ್ರ ಸತ್ತೋರ ಕಾಲ ಕಂಡಂಗ ಕಾಣತಾವ. ನೋಡೋ ಮಂದಿ ಹೆದರಬಾರದು."

ಆಚೆ ದಂಡೆಯಲ್ಲಿ ಊರಿನ ಗಡಿ ಸೇರುವಲ್ಲಿ ಒಂದು ಬನ್ನಿಯ ಗಿಡವಿತ್ತು. ದಸರೆಯ ದಶಮಿಯ ದಿನ ಸೀಮೆ ದಾಟಿ ಆ ಗಿಡದ ಬುಡಕ್ಕೆ ಹೋಗಿ, ಮೊದಲ ಬನ್ನಿಯ ಎಲೆಯನ್ನು ಊರಿನ ಕೈಗೆ ಹಾಕುವುದು ಇವರ ಮನೆಯ ಹಿರೇ ಹೆಂಗಸಿನ ಪಾಲಿಗೆ ಬಂದ ಮರ್ಯಾದೆ. ಗಂಡ ಲಕ್ಷ್ಮಪ್ಪ ಇದ್ದಾಗಿನಿಂದಲೂ ಫಕೀರವ್ವನೇ ಹಾಕುತ್ತ ಬಂದಿದ್ದಳು. ಎರಡು ವರ್ಷದಿಂದ ಊರವರು ಅವಳ ಹೆಸರು ಹೇಳಿ ತಾವೇ ಒಬ್ಬರಿಗೊಬ್ಬರು ಎಲೆ ಹಂಚಿಕೊಂಡಿದ್ದರು.

"ಹಬ್ಬಕ್ಕ ಆಗತೈತೇನ ತಮ್ಮಾ?" ಎಂದು ಕೇಳಿದಳು.

"ನೋಡೂಣ ತಗೋರಿ ಎವ್ವಾ" ಎಂದ ಗುರುಪಾದಪ್ಪ.

ನಮ್ಮ ಕಡೆ ಎದುರಿಗಿದ್ದವರ ಮುಖದ ಮೇಲೆ ಇಲ್ಲ ಎನ್ನುವ ಪದ್ಧತಿಯಿಲ್ಲ, 'ನೋಡೂಣ' ಎನ್ನುತ್ತೇವೆ. ಹೇಳಿದವನು ಅದನ್ನು ಅಲ್ಲೇ ಮರೆಯುತ್ತಾನೆ. ಕೇಳಿದವಳು ದಿನ ಎಣಿಸುತ್ತಾಳೆ.

ಅಷ್ಟಮಿಯ ಸಂಜೆಗೆ ಕುರ್ಚಿ ಮುಕ್ಕಾಲು ಮುಗಿದಿತ್ತು. ದಪ್ಪ ಪೈಪಿನ ಚೌಕಟ್ಟು, ಬೆನ್ನಿಗೆ ಒರಗು, ಎರಡೂ ಕಡೆ ತೋಳು, ಸೊಂಟಕ್ಕೆ ಬೆಲ್ಟು, ಕಾಲಿಡಲು ಅಗಲವಾದ ಪಟ್ಟಿ. ಆ ಪಟ್ಟಿಗಂತೂ ಗುರುಪಾದಪ್ಪ ನಾಲ್ಕೂ ಮಗ್ಗುಲು ತುಂಬಿ ವೆಲ್ಡಿಂಗ್ ಹೊಡೆದಿದ್ದ. ಉಳಿದದ್ದು ಕಿವಿ. ಬಕೆಟ್ ಬಿಚ್ಚಿ ಕುರ್ಚಿ ಸಿಕ್ಕಿಸಬೇಕಾದರೆ ಕುರ್ಚಿಯ ಬೆನ್ನಿಗೆ ದಪ್ಪ ಪ್ಲೇಟಿನ ಎರಡು ಕಿವಿ ಬೇಕು. ಕಿವಿಯ ತೂತಿನಲ್ಲಿ ಲೋಡರಿನ ಪಿನ್ನು ಕೂರುತ್ತದೆ. ಇಡೀ ಭಾರ ನೇತಾಡುವುದು ಆ ಎರಡು ಕಿವಿಯ ಮೇಲೆ.

ಇಲ್ಲಿ ಅವನದೊಂದು ಕ್ರಮವಿತ್ತು. ಬಾಳೇಶನ ಲೋಡರ್ ಕೂಡ ಖಾನಾಪುರದ ಯಾರೋ ಕೈಯಿಂದಲೇ ಮಾಡಿಕೊಟ್ಟದ್ದು. ಎಡ ತೋಳು ಬಲ ತೋಳು ಒಂದೇ ಅಳತೆ ಎಂದು ನಂಬುವ ಹಾಗಿಲ್ಲ. ಅದಕ್ಕೆ ಮೊದಲು ಕಿವಿಗೆ ಬರೀ ಟಾಕಾ ಹೊಡೆಯಬೇಕು. ಟಾಕಾ ಎಂದರೆ ದರ್ಜಿ ಹೊಲಿಯುವ ಮೊದಲು ಕಚ್ಚಾ ದಾರ ಹಾಕುವ ಹಾಗೆ, ಕಡಲೆ ಕಾಳಿನಷ್ಟು ದೊಡ್ಡ ವೆಲ್ಡಿಂಗಿನ ಚುಕ್ಕೆ. ಟ್ರ್ಯಾಕ್ಟರಿಗೆ ಸಿಕ್ಕಿಸಿ ನೋಡಿ, ಪಿನ್ನು ಸರಿಯಾಗಿ ಕೂತ ಮೇಲೆ ಸುತ್ತಲೂ ಪೂರ್ತಿ ವೆಲ್ಡಿಂಗ್. ಕೂರದಿದ್ದರೆ ಟಾಕಾ ಮುರಿದು ಸರಿಸುವುದು. ಒಂದೊಂದು ಕಿವಿಗೆ ನಾಲ್ಕರಂತೆ ಎಂಟು ಟಾಕಾ ಹೊಡೆದ. ಹಬ್ಬ ಮುಗಿದ ಮೇಲೆ ಬಾಳೇಶನಿಗೆ ಟ್ರ್ಯಾಕ್ಟರ್ ತರಲು ಹೇಳಬೇಕು ಎಂದುಕೊಂಡು ಕೈ ತೊಳೆದ.

ಮರುದಿನ ಖಂಡೇನವಮಿ. ಮಶೀನು, ಗ್ರೈಂಡರು, ಸುತ್ತಿಗೆ ಎಲ್ಲಕ್ಕೂ ಪೂಜೆ. ಮೂವತ್ತೈದು ವರ್ಷದಲ್ಲಿ ಆ ದಿನ ಗುರುಪಾದಪ್ಪನ ಶೆಡ್ಡಿನಲ್ಲಿ ಒಂದು ಕಿಡಿ ಹಾರಿದ್ದಿಲ್ಲ. ಸಾಮಾನುಗಳನ್ನು ತೊಳೆದು, ವಿಭೂತಿ ಬಳಿದು, ಚೆಂಡು ಹೂ ಏರಿಸಿದರೆ ಅವಕ್ಕೂ ಅವತ್ತು ಸೂಟಿ. ಎಲ್ಲ ಸಾಲಾಗಿ ಇಟ್ಟ ಮೇಲೆ ಕಣ್ಣಿಗೆ ಬಿದ್ದದ್ದು ಕುರ್ಚಿ. ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ತುಕ್ಕು. ದೇವರ ಮುಂದೆ ಮೈ ತೊಳೆಯದ ಕೂಸನ್ನು ಕೂರಿಸಿದ ಹಾಗೆ ಕಂಡಿತು ಅವನಿಗೆ. ಬ್ರಶ್ಶಿಗೆ ಪೂಜೆ ಆಗಿರಲಿಲ್ಲ, ಹಾಗಾಗಿ ಬ್ರಶ್ಶು ಹಿಡಿಯಲು ಅಡ್ಡಿಯಿಲ್ಲ ಎಂದು ತನಗೆ ತಾನೇ ಕಾನೂನು ಮಾಡಿಕೊಂಡು, ಮುಂಜಾನೆಯೇ ಕುರ್ಚಿಗೆ ಕೆಂಪು ಬಣ್ಣ ಹೊಡೆದ. ಕಿವಿಗೂ ಹೊಡೆದ. ಟಾಕಾ ಮೇಲೂ ಹೊಡೆದ. ಮಧ್ಯಾಹ್ನಕ್ಕೆ ಒಣಗಿತು, ಸಂಜೆಗೆ ಅದರ ಹಣೆಯ ಮೇಲೂ ಮೂರು ಬೆರಳ ವಿಭೂತಿ ಬಿತ್ತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಕೆಂಪಗಿರುವುದೆಲ್ಲ ಮುಗಿದ ಕೆಲಸವಲ್ಲ ಎಂದು ಹೇಳಿದವರು ಯಾರೂ ಇಲ್ಲ. ವೆಲ್ಡಿಂಗ್ ಓಣಿಯಲ್ಲಿ ಬಣ್ಣ ಹೊಡೆದರೆಂದರೆ ಸಾಮಾನು ತಯಾರಾಯಿತು ಎಂದೇ ಅರ್ಥ. ಅದು ನಿಂಗವ್ವನಿಗೂ ಗೊತ್ತು, ಬಸಯ್ಯನಿಗೂ ಗೊತ್ತು, ಬಾಳೇಶನಿಗೂ ಗೊತ್ತು.

ದಶಮಿಯ ದಿನ ಗುರುಪಾದಪ್ಪ ಬೆಳಿಗ್ಗೆಯೇ ಸಾಂಬ್ರಾದಲ್ಲಿದ್ದ ಮಗಳು ಸಾಕ್ಷಿಯ ಮನೆಗೆ ಹೋಗಿದ್ದ. ಹೋಳಿಗೆ ಉಂಡು, ವಿಮಾನ ಇಳಿಯುವುದನ್ನು ಮೊಮ್ಮಗಳ ಜೊತೆ ನೋಡಿ, ಮನೆಗೆ ಬಂದಾಗ ಒಂದೂವರೆ. ಶೆಡ್ಡಿನಲ್ಲಿ ಕುರ್ಚಿ ಇದ್ದ ಜಾಗದಲ್ಲಿ ನಾಲ್ಕು ಚೆಂಡು ಹೂ ಬಿದ್ದಿದ್ದವು.

"ಕುರ್ಚಿ ಎಲ್ಲೈತಿ?"

"ಬಾಳೇಶ ಬಂದಿದ್ನಲ್ರಿ, ಟೆಂಪೋ ತಗೊಂಡು" ಎಂದಳು ನಿಂಗವ್ವ, ಸಂತೋಷದಿಂದಲೇ. "ಕಾಕಾ ಹಬ್ಬಕ್ಕ ನೋಡೂಣ ಅಂದಿದ್ರು, ಅವ್ವ ನಿನ್ನಿಯಿಂದ ಉಂಡಿಲ್ಲ, ಆಗೈತೇನ ಅಂದ. ಆಗೈತೆಪಾ, ಬಣ್ಣಾನೂ ಹಚ್ಚ್ಯಾರ, ಒಯ್ಯಿ ಅಂದ್ನಿ. ಸಾಡೇತೀನ ಮುಹೂರ್ತದ ದಿನ, ಪಂಚಾಂಗ ನೋಡೂ ಕೆಲಸಿಲ್ಲ ಅಂತ ನಾನ ಕುಂಕುಮ ಹಚ್ಚಿ ಕಳಿಸಿನಿ."

ಗುರುಪಾದಪ್ಪ ಅಲ್ಲೇ ನೆಲಕ್ಕೆ ಕೂತ. ಹೆಂಡತಿಯನ್ನು ಬಯ್ಯಲು ಬಾಯಿ ತೆರೆದ. ಬಯ್ಯಲು ಏನೂ ಸಿಗಲಿಲ್ಲ. ಅವಳಿಗೆ ಅವನು ಹೇಳಿರಲಿಲ್ಲ. ಬಣ್ಣ ಹೊಡೆದವನು ಅವನೇ.

ಫೋನು ಹಚ್ಚಿದ. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದಳು ಒಬ್ಬಳು, ಬಹಳ ಮರ್ಯಾದೆಯಿಂದ. ಬಾಳೇಶನ ಮನೆಯ ಹತ್ತಿರ ಫೋನು ಹಿಡಿಯಬೇಕಾದರೆ ದಿನ್ನೆ ಹತ್ತಬೇಕು ಎಂಬುದು ಅವನಿಗೆ ಗೊತ್ತಿತ್ತು. ಹಬ್ಬದ ದಿನ ಯಾರು ದಿನ್ನೆ ಹತ್ತುತ್ತಾರೆ? ಇನ್ನೂ ಹನ್ನೆರಡು ಸಲ ಹಚ್ಚಿದ. ಹನ್ನೆರಡು ಸಲವೂ ಅದೇ ಹೆಂಗಸು, ಅದೇ ಮರ್ಯಾದೆ.

ಕೈಗೆ ಸಿಕ್ಕ ಚೀಲ ಎತ್ತಿಕೊಂಡು ಓಡಿದ. ರಿಕ್ಷಾ ಟಿಳಕವಾಡಿಯ ರೈಲ್ವೆ ಗೇಟಿಗೆ ಬರುವುದಕ್ಕೂ ಗೇಟು ಬೀಳುವುದಕ್ಕೂ ಸರಿ ಹೋಯಿತು. ಗೂಡ್ಸ್ ಗಾಡಿ, ಒಂದೊಂದೇ ಡಬ್ಬಿ, ಹಬ್ಬದ ಮೆರವಣಿಗೆಯಂತೆ ನಿಧಾನ. ಅವನು ಡಬ್ಬಿ ಎಣಿಸಲಿಲ್ಲ, ಭಾರ ಎಣಿಸುತ್ತಿದ್ದ. ಕುರ್ಚಿ ಅರವತ್ತು ಕಿಲೋ, ಮುದುಕಿ ನಲವತ್ತು. ಸುಮ್ಮನೆ ನೇತಾಡುವ ನೂರು ಕಿಲೋ ಭಾರವನ್ನು ಎಂಟು ಟಾಕಾ ತಡೆದಾವು. ಆದರೆ ಹಳ್ಳದ ತಳದಲ್ಲಿ ಗುಂಡುಗಲ್ಲು. ಗಾಲಿ ಒಂದು ಕಲ್ಲು ಹತ್ತಿ ಇಳಿದರೆ ಆ ನೂರು ಕಿಲೋ ಮುನ್ನೂರಾಗುತ್ತದೆ. ಟಾಕಾ ಎಳೆತ ತಾಳುತ್ತದೆ, ಹೊಡೆತ ತಾಳುವುದಿಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೀರನವಾಡಿ ದಾಟಿದ ಮೇಲೆ ಚೀಲದಲ್ಲಿ ಏನು ತಂದೆ ಎಂದು ನೋಡಿಕೊಂಡ. ಒಂದು ವೆಲ್ಡಿಂಗ್ ಮುಖವಾಡ, ಒಂದು ಪುಡಿಕೆ ವೆಲ್ಡಿಂಗ್ ಕಡ್ಡಿ. ಮಶೀನು ಶೆಡ್ಡಿನಲ್ಲಿ ವಿಭೂತಿ ಬಳಿದುಕೊಂಡು ಕೂತಿತ್ತು. ಅವನಿಗೆ ಅಳು ಬಂತು. ಪಕ್ಕದವನು, "ಯಾಕ್ರಿ ಯಜಮಾನ್ರ, ಮನ್ಯಾಗ ಏನರೆ ಆಗೈತೇನ್ರಿ?" ಎಂದು ಕೇಳಿದ. "ಇಲ್ರಿ, ಇನ್ನೂ ಆಗಿಲ್ಲ" ಎಂದ.

ಖಾನಾಪುರದಲ್ಲಿ ರಿಕ್ಷಾದವನು ಒಬ್ಬನೇ ಇದ್ದ, ಬಾಳಾಸಾಹೇಬ ಎಂದು. ಹಬ್ಬದ ಊಟ ಮಾಡಿ ಗಾಡಿಯಲ್ಲೇ ಮಲಗಿದ್ದ. ಎಬ್ಬಿಸಿ ವಿಷಯ ಹೇಳಿದರೆ ಎದ್ದವನೇ ಚಪ್ಪಲಿ ಹುಡುಕದೆ ಗಾಡಿ ಬಿಟ್ಟ. ಆರು ಕಿಲೋಮೀಟರ್ ದೂರ. ಭತ್ತದ ಗದ್ದೆಗಳ ನಡುವೆ ರಸ್ತೆ ಕೆಸರಾಗಿ ಕೊನೆಯ ಅರ್ಧ ಕಿಲೋಮೀಟರಿಗೆ ರಿಕ್ಷಾ ಹೂತಿತು.

"ಪುಢಂ ನಾಹೀ ಜಾತ ಹೋ, ಗಾಡಿ ಮುಂದ ಹೋಗೂದಿಲ್ಲ. ನೀವು ಓಡ್ರಿ, ನಾ ಹಿಂದ ಬಂದ್ನಿ" ಎಂದ ಬಾಳಾಸಾಹೇಬ.

ಅರವತ್ತೆರಡರ ಗುರುಪಾದಪ್ಪ ಹೊಟ್ಟೆಯಲ್ಲಿ ಹೋಳಿಗೆ ಹೊತ್ತುಕೊಂಡು ಓಡಿದ. ಓಡುವಾಗ ಶಿವನನ್ನು ನೆನೆಯಲಿಲ್ಲ, ಎಂಟು ಚುಕ್ಕೆಯನ್ನು ನೆನೆದ. ಬಲಗಿವಿಯ ಮೂರನೆಯ ಟಾಕಾ ಹೊಡೆಯುವಾಗ ಕರೆಂಟು ಒಮ್ಮೆ ಮಂಕಾಗಿತ್ತು. ಅದು ಸರಿಯಾಗಿ ಇಳಿದಿರಲಿಲ್ಲ. ಹೆಂಗೂ ಆಮ್ಯಾಲೆ ಪೂರ್ತಿ ಹೊಡಿಯೂದೈತಿ ಎಂದು ಬಿಟ್ಟಿದ್ದ.

ದಂಡೆಗೆ ಬಂದು ನೋಡಿದರೆ ಟ್ರ್ಯಾಕ್ಟರ್ ಆಗಲೇ ಹಳ್ಳದ ನಡುವೆ ಇತ್ತು.

ಮೊಣಕಾಲುದ್ದ ನೀರು. ಬಾಳೇಶ ಸ್ಟೇರಿಂಗ್ ಹಿಡಿದಿದ್ದ. ಪ್ರಮಿಳಾ ಸೀರೆ ಎತ್ತಿ ಕಟ್ಟಿ ಬಾಜೂಕೆ ನಡೆಯುತ್ತಿದ್ದಳು. ಮುಂದೆ, ನೀರಿನಿಂದ ಎರಡಡಿ ಎತ್ತರದಲ್ಲಿ, ಕೆಂಪು ಕುರ್ಚಿಯ ಮೇಲೆ ಹಸಿರು ಸೀರೆಯ ಫಕೀರವ್ವ. ಕಾಲು ಜೋತು ಬಿದ್ದಿರಲಿಲ್ಲ. ಪಟ್ಟಿಯ ಮೇಲೆ ಜೋಡಿಸಿ ಇಟ್ಟಿದ್ದಳು. ಆಚೆ ದಂಡೆಯ ಬನ್ನಿಯ ಗಿಡದ ಕೆಳಗೆ ಊರವರು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಮುದುಕಿ ನಗುತ್ತಿದ್ದಳು. ಇಷ್ಟು ಚೆಂದ ಏನನ್ನೂ ತನ್ನ ಕೈ ಇದುವರೆಗೆ ಮಾಡಿಲ್ಲ ಎಂದು ಗುರುಪಾದಪ್ಪನಿಗೆ ಆ ಕ್ಷಣದಲ್ಲೂ ಅನಿಸಿತು.

"ಬಾಳೇಶಾ, ನಿಲ್ಲಸೋ! ಎತ್ತಬ್ಯಾಡೋ!" ಎಂದು ಎರಡೂ ಕೈ ಬೀಸಿ ಕೂಗಿದ.

ಇಂಜಿನ್ ಸದ್ದಿನಲ್ಲಿ ಬಾಳೇಶನಿಗೆ ಕೇಳಿದ್ದು ಏನೂ ಇಲ್ಲ. ಕಂಡದ್ದು ಕುರ್ಚಿ ಮಾಡಿದ ಕಾಕಾ ಹಬ್ಬಕ್ಕೆ ಬಂದು ಕೈ ಬೀಸುತ್ತಿರುವುದು. ಅವನಿಗೆ ಹಿಗ್ಗು ತಡೆಯಲಾಗಲಿಲ್ಲ. ತಾನೂ ಒಂದು ಕೈ ಬೀಸಿದ. ಆಮೇಲೆ ಕಾಕಾ ನೋಡಲಿ ಎಂದು ಲಿವರ್ ಎಳೆದು ತಾಯಿಯನ್ನು ಎದೆಮಟ್ಟಕ್ಕೆ, ಅಲ್ಲಿಂದ ತಲೆಮಟ್ಟಕ್ಕೆ ಎತ್ತಿದ. ಊರವರು ಸಿಳ್ಳೆ ಹಾಕಿದರು.

ಗುರುಪಾದಪ್ಪ ಚಪ್ಪಲಿ ಸಮೇತ ನೀರಿಗೆ ಇಳಿದ. ಎರಡು ಸಲ ಬಿದ್ದ. ಹತ್ತಿರ ಹೋಗಿ ಬಾಳೇಶನ ತೊಡೆ ಹಿಡಿದು ಉಸಿರು ಎಳೆಯುತ್ತ ಹೇಳಿದ, "ಬರೀ ಟಾಕಾ ಐತೋ. ಕಿವಿಗೆ ವೆಲ್ಡಿಂಗ್ ಆಗಿಲ್ಲ. ನಾ ಬಣ್ಣಾ ಹೊಡದ ಇಟ್ಟಿದ್ನಿ."

ಬಾಳೇಶನ ಮುಖದಿಂದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಈಗ ಹೆಂಗ ಮಾಡ್ಲಿ ಕಾಕಾ? ಇಳಸ್ಲೇನು?"

"ಜರ್ಕ್ ಹೊಡೀತಂದ್ರ ಮುಗೀತು."

"ಹಿಂದ ತಗೊಳ್ಲೇನು?"

ಹಿಂದಿನ ದಂಡೆ ಕಡಿದಾಗಿತ್ತು. ರಿವರ್ಸ್ ಹತ್ತಿಸಿದರೆ ಟ್ರ್ಯಾಕ್ಟರ್ ಕುಪ್ಪಳಿಸುತ್ತದೆ. ಇಲ್ಲೇ ಎತ್ತಿ ಇಳಿಸಿಕೊಳ್ಳೋಣವೆಂದರೆ ಅಷ್ಟೆತ್ತರ ಕೈ ಎಟುಕುವುದಿಲ್ಲ. ಕಾಲ ಕೆಳಗೆ ಪಾಚಿಗಲ್ಲು. ಮೂವತ್ತೈದು ವರ್ಷ ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿದವನಿಗೆ ಅದು ಮೂರು ನಿಮಿಷದ ಕೆಲಸ, ಆದರೆ ಮಶೀನಿಲ್ಲ, ಕರೆಂಟಿಲ್ಲ. ಲೆಕ್ಕಕ್ಕೂ ಬಾರದ ಎರಡು ಕೈ ಮಾತ್ರ ಇದ್ದವು.

"ಮುಂದ ಹೋಗು. ಇರಬಿ ನಡದಂಗ ಹೋಗು" ಎಂದ.

ಕುರ್ಚಿಯ ಕೆಳಗೆ ಬಂದು ನಿಂತು ಎರಡೂ ಅಂಗೈಯನ್ನು ಕಾಲಿನ ಪಟ್ಟಿಯ ಕೆಳಗೆ ಕೊಟ್ಟ. ಪ್ರಮಿಳಾ ಮಾತು ಕೇಳಿಸಿಕೊಂಡಿದ್ದಳು. ಏನೂ ಕೇಳದೆ ಇನ್ನೊಂದು ಮಗ್ಗುಲಿಗೆ ಕೈ ಕೊಟ್ಟಳು. ನೂರು ಕಿಲೋ ಕಳಚಿ ಬಿದ್ದರೆ ಈ ನಾಲ್ಕು ಕೈಯಿಂದ ಏನೂ ಆಗುವುದಿಲ್ಲ, ಮುದುಕಿಯ ಜೊತೆ ತಾವೂ ಕಲ್ಲಿನ ಮೇಲೆ ಬೀಳುತ್ತೇವೆ ಎಂಬುದು ಗುರುಪಾದಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ತೆಗೆಯಲಿಲ್ಲ.

"ಏನಾತೋ ತಮ್ಮಾ?" ಎಂದು ಮೇಲಿಂದ ಫಕೀರವ್ವ ಕೇಳಿದಳು.

"ಏನಿಲ್ರಿ ಎವ್ವಾ. ಸುಮ್ಮ ಕೈ ಹಚ್ಚೀನಿ."

"ಪಲ್ಲಕ್ಕಿಗೆ ಕೈ ಹಚ್ಚಿದಂಗ ಹಚ್ಚೀಯಲ್ಲೋ! ನಾ ಏನ ದೇವ್ರೇನು?" ಎಂದು ನಕ್ಕಳು.

ಟ್ರ್ಯಾಕ್ಟರ್ ಒಂದು ಕಲ್ಲು ಹತ್ತಿತು, ಇಳಿಯಿತು. ಬಲಗಿವಿಯಲ್ಲಿ 'ಟಿಕ್' ಎಂದಿತು. ಗುರುಪಾದಪ್ಪ ತಲೆ ಎತ್ತಿ ನೋಡಿದ. ಕೆಂಪು ಬಣ್ಣದಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಬಿಟ್ಟಿತ್ತು. ಮೂರನೆಯ ಟಾಕಾ. ಅವನ ಕೈ ನಡುಗಲು ಶುರುವಾಯಿತು, ನಿಲ್ಲಿಸಲಾಗಲಿಲ್ಲ. ಇನ್ನೊಂದು ಕಲ್ಲು. ಇನ್ನೊಂದು 'ಟಿಕ್'. ಈ ಸಲ ಅವನು ಮೇಲೆ ನೋಡಲಿಲ್ಲ. ಮುದುಕಿ ನಗುವುದನ್ನು ನಿಲ್ಲಿಸಿದ್ದಳು.

ಆಚೆ ದಂಡೆ ಮುಟ್ಟಿದರು. ಬಾಳೇಶ ಉಸಿರು ಹಿಡಿದು ಲಿವರ್ ಬಿಟ್ಟ. ಕುರ್ಚಿ ಹುಲ್ಲಿನ ಮೇಲೆ ಮೆತ್ತಗೆ ಕೂತಿತು. ಗುರುಪಾದಪ್ಪ ಅಲ್ಲೇ ಮಂಡಿಯೂರಿದ. ಊರವರಿಗೆ ಏನೂ ಗೊತ್ತಿರಲಿಲ್ಲ. ಗಂಗಾದೇವಿ ಎಂಬ ಹೆಂಗಸು ಬನ್ನಿಯ ಟೊಂಗೆ ತಂದು ಮುದುಕಿಯ ಮಡಿಲಿಗೆ ಹಾಕಿದಳು. ಫಕೀರವ್ವ ಮೊದಲ ಎಲೆಯನ್ನು ಗುರುಪಾದಪ್ಪನ ಕೈಗೇ ಹಾಕಿದಳು.

"ಬಂಗಾರ ತಗೊಂಡು ಬಂಗಾರದಂಗ ಇರೂಣು, ತಮ್ಮಾ."

ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು.

ಎಲೆ ಹಂಚುವುದು ಮುಗಿದು ಹೊತ್ತು ಇಳಿಯುತ್ತ ಬಂದಾಗ ಗುರುಪಾದಪ್ಪ ಅವಳನ್ನು ಕುರ್ಚಿಯಿಂದ ಕಂಬಳಿಯ ಮೇಲೆ ಇಳಿಸಿದ. ವಾಪಸು ಇದರಲ್ಲಿ ಹೋಗಕೂಡದು ಎಂದ. ಊರ ಹಿರಿಯ ಕರೆಪ್ಪ, "ಯಾಕ, ಚಲೋನ ಐತೆಲ್ಲ? ಬಂದಂಗ ಹೋಗ್ಲಿ" ಎಂದ. ನಾಲ್ಕು ಜನ ಅದನ್ನೇ ಎಂದರು. ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತೇನೋ. ಆದರೆ ಗುರುಪಾದಪ್ಪನಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಕಾಲನ್ನು ಲೋಡರಿನ ತೋಳಿಗೆ ಕೊಟ್ಟು ಕುರ್ಚಿಯ ಒರಗನ್ನು ಒಮ್ಮೆ ಜಗ್ಗಿದ. ಬಲಗಿವಿ ಟಕ್ಕನೆ ಕಿತ್ತು ಬಂತು. ಕುರ್ಚಿ ಒಂದು ಮಗ್ಗುಲಾಗಿ ತಿರುಗಿ ಬಿತ್ತು.

ಫಕೀರವ್ವ ಕಂಬಳಿಯ ಮೇಲಿನಿಂದ ಅದನ್ನು ನೋಡಿದಳು. ಆಮೇಲೆ ಹಳ್ಳವನ್ನು ನೋಡಿದಳು.

ವಾಪಸು ಕಂಬಳಿಯಲ್ಲೇ ಹೊತ್ತರು. ಬಾಳೇಶ, ಕರೆಪ್ಪ, ಹಿಂದೆ ಓಡಿ ಬಂದಿದ್ದ ರಿಕ್ಷಾದ ಬಾಳಾಸಾಹೇಬ, ಗುರುಪಾದಪ್ಪ, ನಾಲ್ಕು ಮೂಲೆಗೆ ನಾಲ್ವರು. ನಡು ನೀರಿನಲ್ಲಿ ಕಂಬಳಿ ಜೋತು ಬಿತ್ತು. ಅವಳು ಕೂಗಬಾರದೆಂದು ಸೆರಗು ಕಚ್ಚಿದ್ದಳು. ಆದರೂ ಕೂಗಿದಳು.

ಮೂರನೆಯ ದಿನ ಗುರುಪಾದಪ್ಪ ಮಶೀನು, ಗ್ರೈಂಡರು ಎಲ್ಲ ಹೇರಿಕೊಂಡು ಬಂದ. ಬಾಳೇಶನ ಮನೆಯ ಮುಂದೆ ವೈರು ಎಳೆದು ಕಿವಿಗಳನ್ನು ಮತ್ತೆ ಕೂಡಿಸಿದ. ಒಂದು ಸುತ್ತಲ್ಲ, ಮೂರು ಸುತ್ತು. ಸಾಲದೆಂದು ಮಗ್ಗುಲಿಗೆ ಆಸರೆಯ ಪಟ್ಟಿ ಕೊಟ್ಟ. ಬಣ್ಣ ಹೊಡೆಯಲಿಲ್ಲ, ವೆಲ್ಡಿಂಗ್ ಎಲ್ಲರಿಗೂ ಕಾಣಲಿ ಎಂದು ಹಾಗೇ ಬಿಟ್ಟ. ಆಮೇಲೆ ತಾನೇ ಕುರ್ಚಿಯಲ್ಲಿ ಕೂತ. ಎಂಬತ್ತೆರಡು ಕಿಲೋ ಆಳು. ಬಾಳೇಶ ತಲೆಮಟ್ಟ ಎತ್ತಿ ಕುಲುಕಾಡಿಸಿದ. ಗುರುಪಾದಪ್ಪ ಮೇಲೆ ಎದ್ದು ನಿಂತು ಕಾಲಿನ ಪಟ್ಟಿಯ ಮೇಲೆ ಕುಪ್ಪಳಿಸಿದ. ಪ್ರಮಿಳಾ ಸೆರಗು ಬಾಯಿಗೆ ಹಿಡಿದು ನಕ್ಕಳು. ಕುರ್ಚಿ ಕಿರ್ ಎನ್ನಲಿಲ್ಲ.

ಫಕೀರವ್ವ ಹೊರಸಿನ ಮೇಲಿಂದ ಎಲ್ಲ ನೋಡಿದಳು.

"ಗಟ್ಟಿ ಆಗೈತಿ ತಮ್ಮಾ. ಖರೇನ ಗಟ್ಟಿ ಆಗೈತಿ."

"ಹಂಗಾರ ಬರ್ರಿ ಎವ್ವಾ, ಕುಂದರ್ರಿ. ಒಂದ ಸುತ್ತು ಹಳ್ಳದ ತನಕ ಹೋಗಿ ಬರೂಣು. ನಾ ಬಾಜೂಕ ಇರ್ತೀನಿ."

"ಬ್ಯಾಡೋ."

"ಯಾಕ್ರಿ? ನನ್ನ ಮ್ಯಾಲ ಸಿಟ್ಟೇನು?"

"ನಿನ್ನ ಮ್ಯಾಲ ಯಾಕ ಸಿಟ್ಟ ಆಗ್ಲಿ? ಹಿಂದಿನಿಂದ ಓಡಿ ಬಂದಿ. ನೀರಾಗ ಬಿದ್ದ ಬಂದಿ." ಅವಳು ತನ್ನ ಎರಡು ಪಾದಗಳನ್ನು ನೋಡಿಕೊಂಡಳು. "ನೀ ಅವತ್ತು ಕೆಳಗ ಕೈ ಹಚ್ಚಿದ್ದೆಲ್ಲ, ನಿನ್ನ ಕೈ ನಡಗತಿತ್ತು. ಕಬ್ಬಿಣದಾಗಿಂದ ಹಾದು ನನ್ನ ಅಂಗಾಲಿಗೆ ಬರತಿತ್ತು. ಏನಂತ ನೀ ಹೇಳ್ಲಿಲ್ಲ. ನನಗ ಗೊತ್ತಾತು. ಈಗೂ ಹೊರಸಿನ ಮ್ಯಾಲ ಮಲಗಿದ್ರೂ ಅಂಗಾಲಾಗ ಅದ ನಡಕ ಬರತೈತಿ. ಇನ್ನ ಆ ಪಟ್ಟಿ ಮ್ಯಾಲ ಕಾಲ ಇಡಾಕ ಆಗಾಂಗಿಲ್ಲ ತಮ್ಮಾ."

ಗುರುಪಾದಪ್ಪ ಇನ್ನೆರಡು ಪಟ್ಟಿ ಕೊಡುತ್ತೇನೆ, ಸರಪಳಿ ಹಾಕುತ್ತೇನೆ ಎಂದ. ಅವಳು ಬೇಡ ಎಂಬಂತೆ ಕೈ ಆಡಿಸಿದಳು. ಬಾಳೇಶ ಎರಡು ಸಲ ಅವ್ವನಿಗೆ ಹೇಳಿ ನೋಡಿದ. ಪ್ರಮಿಳಾ ಎಲ್ಲರಿಗೂ ಚಹಾ ತಂದಳು. ಚಹಾ ಮುಗಿಯುವವರೆಗೆ ಯಾರೂ ಕುರ್ಚಿಯ ಕಡೆ ನೋಡಲಿಲ್ಲ.

ಬಾಳೇಶ ಲೋಟ ಕೆಳಗಿಟ್ಟು ಬಹಳ ಸಂಕೋಚದಿಂದ ಹೇಳಿದ. "ಕಾಕಾ, ಹೆಂಗೂ ಗ್ರೈಂಡರ್ ತಂದೀರಿ. ಆ ತೋಳು, ಕಾಲ ಪಟ್ಟಿ ಕಡದ ತಗದ್ರ ಕುರಿ ಮೇವಿನ ಹೊರಿ ಅದರಾಗ ಕುಂದರತಾವ. ಸುಮ್ಮನ ತುಕ್ಕ ಹಿಡದ ಬೀಳೂದಕ್ಕಿಂತ…"

"ಹೌದು" ಎಂದ ಗುರುಪಾದಪ್ಪ. "ಕುಂದರತಾವ."

ಮುದುಕಿ ಮುಖ ಆಚೆ ತಿರುಗಿಸಿ ಹಳ್ಳವನ್ನು ನೋಡುತ್ತ ಕೂತಳು. ಗುರುಪಾದಪ್ಪ ಕನ್ನಡಕ ಹಾಕಿಕೊಂಡು ಗ್ರೈಂಡರ್ ಹಿಡಿದ. ತೋಳುಗಳು ಬೇಗ ಬಂದವು. ಕಾಲಿನ ಪಟ್ಟಿಗೆ ಅವನು ನಾಲ್ಕೂ ಮಗ್ಗುಲು ತುಂಬಿ ಹೊಡೆದಿದ್ದ. ಆ ಒಂದು ಕೆಲಸ ಅವನು ಮೊದಲನೆಯ ದಿನವೇ ಪೂರ್ತಿ ಮಾಡಿದ್ದ. ಕಡಿಯಲು ಮುಕ್ಕಾಲು ತಾಸು ಹಿಡಿಯಿತು, ಗ್ರೈಂಡರಿನ ಎರಡು ಚಕ್ರ ಸವೆದವು.